ಚಿಲ್ಲರೆಯಲ್ಲಿ ಸಿಕ್ಕ ವಿಚಿತ್ರ ನಾಣ್ಯ: ಟಂಕಸಾಲೆಯ ತಪ್ಪೋ, ಹೊರಗೆ ಬಿದ್ದ ಪೆಟ್ಟೋ?

ಮಡಿಕೇರಿ ಶುಕ್ರವಾರ ಸಂತೆಯ ಸೊಪ್ಪಿನ ಅಂಗಡಿ, ಬಸ್ ಕಂಡಕ್ಟರ್ ಚೀಲ, ಗೋಣಿಕೊಪ್ಪದ ಹೋಟೆಲ್ ಗಲ್ಲಾ, ಊರ ದೇವಸ್ಥಾನದ ಹುಂಡಿ. ಕೊಡಗಿನ ಚಿಲ್ಲರೆ ಹೆಚ್ಚಾಗಿ ಇಲ್ಲೆಲ್ಲ ಸುತ್ತುತ್ತದೆ. ಹೀಗೆ ವರ್ಷಗಟ್ಟಲೆ ಸುತ್ತಿದ ನಾಣ್ಯಗಳಲ್ಲಿ ವಿಚಿತ್ರವಾಗಿ ಕಾಣುವುದರ ಬಹುಪಾಲು ಬರೀ ಪೆಟ್ಟು ತಿಂದದ್ದು, ಸವೆದದ್ದು ಅಥವಾ ಯಾರೋ ಬೇಕೆಂದೇ ಕೆಡಿಸಿದ್ದು. ಟಂಕಸಾಲೆಯಲ್ಲೇ ತಪ್ಪಾಗಿ ಹೊರಬಿದ್ದದ್ದು ಬಹಳ ಕಡಿಮೆ. ಎರಡನ್ನೂ ಬೇರೆ ಮಾಡಲು ಒಂದು ಪ್ರಶ್ನೆ ಸಾಕು: ಬಿಲ್ಲೆ ಕತ್ತರಿಸುವಲ್ಲಿಂದ ಅಚ್ಚಿನ ಹೊಡೆತ ಬೀಳುವ ತನಕ ಯಾವ ಹಂತದಲ್ಲಿ ಇದು ಆಗಿರಬಹುದು? ಹಂತವನ್ನು ತೋರಿಸಲು ಆಗದಿದ್ದರೆ ಅದು ಹೊರಗಿನ ಪೆಟ್ಟು ಎಂದೇ ತಿಳಿಯಿರಿ. ಅದಕ್ಕೆ ಮೊದಲು ನಾಣ್ಯ ಹೇಗೆ ತಯಾರಾಗುತ್ತದೆ ಎಂಬುದು ಗೊತ್ತಿರಬೇಕು.

ತಯಾರಿಕೆಯ ಹಂತಗಳು

ಲೋಹದ ಹಾಳೆಯಿಂದ ಯಂತ್ರ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತದೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಮೆದು ಮಾಡುತ್ತಾರೆ. ಆಮೇಲೆ ಇನ್ನೊಂದು ಯಂತ್ರ ಬಿಲ್ಲೆಯನ್ನು ಸುತ್ತಲಿಂದ ಒತ್ತಿ ಉರುಳಿಸಿ ಅಂಚನ್ನು ಸ್ವಲ್ಪ ಎತ್ತರ ಮಾಡುತ್ತದೆ. ಕೊನೆಗೆ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಕಾಲರ್ ಎಂಬ ಉಕ್ಕಿನ ಬಳೆ ಇರುತ್ತದೆ. ಮೇಲಿನ ಹೊಡೆತಕ್ಕೆ ಲೋಹ ಹರಿದು ಎರಡೂ ಅಚ್ಚಿನ ಕುಳಿಗಳನ್ನು ತುಂಬುತ್ತದೆ. ಕಾಲರ್ ಅದನ್ನು ಅಗಲಕ್ಕೆ ಹರಡದಂತೆ ತಡೆದು ಬದಿಯನ್ನು ರೂಪಿಸುತ್ತದೆ. ಒಂದೇ ಹೊಡೆತದಲ್ಲಿ ಎರಡು ಮುಖ ಮತ್ತು ಬದಿ, ಮೂರೂ ಆಗುತ್ತವೆ.

ಮುಖದ ಸುತ್ತ ಎದ್ದಿರುವ ದಿಂಡನ್ನು ಇಲ್ಲಿ ಅಂಚು ಎಂದಿದ್ದೇವೆ. ನಾಣ್ಯವನ್ನು ಮೇಜಿನ ಮೇಲೆ ನಿಲ್ಲಿಸಿದಾಗ ಕಾಣುವ ದಪ್ಪದ ಭಾಗ ಬದಿ. ಚಿತ್ರ, ಅಕ್ಷರ ಇಲ್ಲದ ನುಣುಪು ಜಾಗ ಬಯಲು.

ಹೀಗಾಗಿ ತಪ್ಪುಗಳು ಮೂರು ಕಡೆ ಹುಟ್ಟುತ್ತವೆ: ಬಿಲ್ಲೆಯಲ್ಲಿ, ಅಚ್ಚಿನಲ್ಲಿ, ಹೊಡೆತದಲ್ಲಿ. ಅಚ್ಚಿನ ತಪ್ಪು ಆ ಅಚ್ಚಿನಿಂದ ಬಂದ ಸಾವಿರಾರು ನಾಣ್ಯಗಳಲ್ಲಿ ಒಂದೇ ಥರ ಇರುತ್ತದೆ. ಬಿಲ್ಲೆಯ ತಪ್ಪು ಮತ್ತು ಹೊಡೆತದ ತಪ್ಪು ಆ ಒಂದೇ ನಾಣ್ಯದ್ದು. ಅದೇ ವರ್ಷದ, ಅದೇ ಟಂಕಸಾಲೆಯ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಗುಬುಟು ಕಂಡರೆ ಅದು ಅಚ್ಚಿನದ್ದೇ. ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಬೇಕಾದ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, 0.01 ಗ್ರಾಂ ತನಕ ತೋರಿಸುವ ಡಿಜಿಟಲ್ ತಕ್ಕಡಿ, ಡಿಜಿಟಲ್ ವರ್ನಿಯರ್ ಕ್ಯಾಲಿಪರ್, ಒಂದು ಸಣ್ಣ ಅಯಸ್ಕಾಂತ, ಬಾಗಿಸಲು ಬರುವ ಮೇಜಿನ ದೀಪ. ಮೊಬೈಲ್ ಕ್ಯಾಮೆರಾದ ಜೂಮ್ ಕೈಮಸೂರಕ್ಕೆ ಬದಲಾಗುವುದಿಲ್ಲ. ಅದು ಅಕ್ಷರದ ಅಂಚುಗಳನ್ನು ತಾನೇ ತಿದ್ದಿ ತೋರಿಸುತ್ತದೆ, ಇಲ್ಲದ ಜೋಡಿ ಗೆರೆಯೂ ಕಾಣಬಹುದು. ದೀಪವನ್ನು ಮೇಲಿನಿಂದ ನೇರ ಹಿಡಿಯದೆ ಪಕ್ಕದಿಂದ, ಮೇಜಿಗೆ ತೀರಾ ತಗ್ಗಿಸಿ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದರೆ ಉಬ್ಬಿದ್ದಕ್ಕೂ ತಗ್ಗಿದ್ದಕ್ಕೂ ನೆರಳು ಬೇರೆ ಬೇರೆ ಕಡೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಕಿಟಕಿ ಬೆಳಕನ್ನು ನಂಬಿ ಕೂರಬೇಡಿ. ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬಿದ್ದು ನೆರಳನ್ನೇ ಅಳಿಸಿಬಿಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಜೋಡಿ ನಾಣ್ಯ: ಅದೇ ಮುಖಬೆಲೆ, ಅದೇ ವರ್ಷ, ಅದೇ ಟಂಕಸಾಲೆಯ ಒಂದು ಸರಿಯಾದ ನಾಣ್ಯ. ಅದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಯಾವ ತೀರ್ಮಾನಕ್ಕೂ ಬರಬೇಡಿ.

ಸರಿಯಾದ ನಾಣ್ಯ ಹೇಗಿರಬೇಕು

2011ರ ಸರಣಿ, ಅಂದರೆ ರೂಪಾಯಿ ಚಿಹ್ನೆ ಮೊದಲು ಬಂದ ನಾಣ್ಯಗಳಲ್ಲಿ 1 ರೂಪಾಯಿ ಸುಮಾರು 22 ಮಿ.ಮೀ. ಅಗಲ, 3.79 ಗ್ರಾಂ, 2 ರೂಪಾಯಿ 25 ಮಿ.ಮೀ., 4.85 ಗ್ರಾಂ. ಎರಡೂ ಸ್ಟೇನ್‌ಲೆಸ್ ಸ್ಟೀಲ್, ಅಯಸ್ಕಾಂತಕ್ಕೆ ಅಂಟುತ್ತವೆ. 5 ರೂಪಾಯಿ ನಿಕ್ಕಲ್ ಬೆರೆತ ಹಿತ್ತಾಳೆ, 23 ಮಿ.ಮೀ., 6 ಗ್ರಾಂ, ಅಂಟುವುದಿಲ್ಲ. 10 ರೂಪಾಯಿ 27 ಮಿ.ಮೀ., 7.71 ಗ್ರಾಂ. 2019ರ ಸರಣಿಯಲ್ಲಿ ಅಳತೆ ಬದಲಾಯಿತು: 1 ರೂಪಾಯಿ 20 ಮಿ.ಮೀ., 2 ರೂಪಾಯಿ 23, 5 ರೂಪಾಯಿ 25. ಅಂದರೆ ಹಳೆಯ 5ಕ್ಕೂ ಹೊಸ 2ಕ್ಕೂ ಅಗಲ ಒಂದೇ. 20 ರೂಪಾಯಿ 12 ಮೂಲೆಯದು, 27 ಮಿ.ಮೀ., 8.54 ಗ್ರಾಂ.

ವರ್ಷದ ಕೆಳಗಿನ ಗುರುತನ್ನೂ ಓದಲು ಕಲಿಯಿರಿ. ಮುಂಬೈ ಟಂಕಸಾಲೆಗೆ ವಜ್ರಾಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ದುಂಡು ಚುಕ್ಕಿ. ಕೋಲ್ಕತ್ತಾಕ್ಕೆ ಗುರುತೇ ಇಲ್ಲ. ಹೀಗಿರುವುದರಿಂದ ಒಂದು ತೊಡಕು ಹುಟ್ಟುತ್ತದೆ. ಅಚ್ಚಿನ ನಕ್ಷತ್ರದ ಕುಳಿಯಲ್ಲಿ ಗ್ರೀಸ್ ತುಂಬಿಕೊಂಡು ಹೈದರಾಬಾದಿನ ನಾಣ್ಯದಲ್ಲಿ ಗುರುತು ಮೂಡದೇ ಹೋದರೆ ಅದು ಕೋಲ್ಕತ್ತಾ ನಾಣ್ಯದಂತೆಯೇ ಕಾಣುತ್ತದೆ. ಅಂಕಿಯ ಆಕಾರ, ಅಕ್ಷರಗಳ ನಡುವಿನ ಅಂತರ ಮುಂತಾದ ಬೇರೆ ವ್ಯತ್ಯಾಸ ತೋರಿಸಲಾಗದೆ ‘ಗುರುತು ಬಿಟ್ಟುಹೋದ ನಾಣ್ಯ’ ಎಂದು ಯಾರಾದರೂ ಕೊಟ್ಟರೆ ಒಪ್ಪಬೇಡಿ.

ವಿನ್ಯಾಸದ ಬದಲಾವಣೆಯನ್ನು ತಪ್ಪು ಎಂದುಕೊಳ್ಳುವುದು ಇನ್ನೂ ಹೆಚ್ಚು. 10 ರೂಪಾಯಿಯಲ್ಲಿ 15 ಗೆರೆ ಇರುವುದೂ ಸರಿ, 10 ಗೆರೆ ಇರುವುದೂ ಸರಿ. 10 ರೂಪಾಯಿ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿತು. ಹಾಗೆಯೇ, ಅಯಸ್ಕಾಂತಕ್ಕೆ ಅಂಟುವ 5 ರೂಪಾಯಿ ಸಿಕ್ಕಿದ ಕೂಡಲೇ ತಪ್ಪು ಲೋಹದ ಬಿಲ್ಲೆ ಎಂದುಕೊಳ್ಳಬೇಡಿ. 2007ರ ಸುಮಾರಿಗೆ 5 ರೂಪಾಯಿಯನ್ನು ಸ್ಟೇನ್‌ಲೆಸ್ ಸ್ಟೀಲ್‌ನಲ್ಲೇ ಹೊಡೆದಿದ್ದಾರೆ. ಅದಕ್ಕೂ ಹಿಂದಿನ ದಪ್ಪ 5 ರೂಪಾಯಿ ತಾಮ್ರ-ನಿಕ್ಕಲ್, 9 ಗ್ರಾಂ. ಕೆಲವು ಸ್ಮರಣಾರ್ಥ ನಾಣ್ಯಗಳು ಎರಡೂ ಲೋಹದಲ್ಲಿ ಬಂದಿವೆ. ವರ್ಷ ನೋಡಿ, ಆಮೇಲೆ ಲೋಹ ನೋಡಿ.

ಒಂದೊಂದು ನಾಣ್ಯವನ್ನು ನೋಡುವ ಕ್ರಮ

ಮೊದಲು ಮುಖಬೆಲೆ, ಆಮೇಲೆ ವರ್ಷ, ಆಮೇಲೆ ಟಂಕಸಾಲೆ ಎಂದು ಗುಂಪು ಮಾಡಿಕೊಳ್ಳಿ. 20-25 ನಾಣ್ಯಗಳನ್ನು ಒಟ್ಟಿಗೆ ಸಾಲಾಗಿ ಹಿಡಿದು ಬದಿಯನ್ನು ನೋಡಿ: ಅಗಲ ಹೆಚ್ಚಿದ್ದು, ಕಡಿಮೆ ಇದ್ದು, ದಪ್ಪ ಬೇರೆ ಇದ್ದು ಒಂದೇ ನೋಟಕ್ಕೆ ಎದ್ದು ಕಾಣುತ್ತದೆ. ಬಹಳ ಜನ ಬದಿಯನ್ನು ನೋಡುವುದೇ ಇಲ್ಲ. ಆದರೆ ಬಿಲ್ಲೆಯ ಮತ್ತು ಕಾಲರ್‌ನ ತಪ್ಪುಗಳೆಲ್ಲ ಅಲ್ಲೇ ಮೊದಲು ಗೊತ್ತಾಗುತ್ತವೆ.

ಮುಂದಿನದು ತಿರುಗಿಸುವ ಪರೀಕ್ಷೆ. ಸಿಂಹಮುಖ ನೆಟ್ಟಗೆ ಕಾಣುವಂತೆ ನಾಣ್ಯವನ್ನು ಮೇಲೆ-ಕೆಳಗೆ ಎರಡು ಬೆರಳಲ್ಲಿ ಹಿಡಿದು ಪುಸ್ತಕದ ಹಾಳೆ ಮಗುಚುವಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ಈಗಿನ ನಾಣ್ಯಗಳಲ್ಲಿ ಹಿಂದಿನ ಮುಖವೂ ನೆಟ್ಟಗೇ ಇರಬೇಕು. ಓರೆ ಇದ್ದರೆ ಎರಡರಲ್ಲಿ ಒಂದು ಅಚ್ಚು ತನ್ನ ಜಾಗದಲ್ಲಿ ಸಡಿಲವಾಗಿ ತಿರುಗಿದೆ, ಇಲ್ಲವೇ ಕೂರಿಸುವಾಗಲೇ ತಪ್ಪಿದೆ. ಎಷ್ಟು ಓರೆ ಎಂಬುದನ್ನು ಗಡಿಯಾರದ ಲೆಕ್ಕದಲ್ಲಿ ಹೇಳಬಹುದು: ಅಂಕಿಯ ತಲೆ 1 ಗಂಟೆಯ ಕಡೆ ಇದ್ದರೆ 30 ಡಿಗ್ರಿ, 3 ಗಂಟೆಯ ಕಡೆ ಇದ್ದರೆ 90, 6ರ ಕಡೆ ಇದ್ದರೆ 180. ಹತ್ತು-ಹದಿನೈದು ಡಿಗ್ರಿಯ ಓರೆ ನಮ್ಮ ಸ್ಟೀಲ್ ನಾಣ್ಯಗಳಲ್ಲಿ ಆಗಾಗ ಸಿಗುತ್ತದೆ, ಎತ್ತಿಡುವಷ್ಟು ದೊಡ್ಡದಲ್ಲ. 90 ದಾಟಿದರೆ ಇಟ್ಟುಕೊಳ್ಳಿ. ಈ ತಪ್ಪಿನ ದೊಡ್ಡ ಅನುಕೂಲ ಎಂದರೆ ಹೊರಗೆ ಯಾರೂ ಇದನ್ನು ಸುಲಭವಾಗಿ ನಕಲಿ ಮಾಡಲಾರರು.

ಆಮೇಲೆ ಅಂಚನ್ನು ಒಂದು ಸುತ್ತು, ಬಯಲನ್ನು ಒಂದು ಸುತ್ತು, ಕೊನೆಗೆ ಅಕ್ಷರ ಮತ್ತು ವರ್ಷವನ್ನು ನೋಡಿ. ಅನುಮಾನ ಬಂದದ್ದನ್ನು ಮಾತ್ರ ತೂಕಕ್ಕೆ ಹಾಕಿ.

ಉಬ್ಬಿದೆಯೋ, ತಗ್ಗಿದೆಯೋ

ಅಚ್ಚಿನ ಗಾಯ ಗುರುತಿಸಲು ಇದೇ ಕೀಲಿ. ಅಚ್ಚಿನಲ್ಲಿ ತಗ್ಗಿರುವುದೆಲ್ಲ ನಾಣ್ಯದಲ್ಲಿ ಉಬ್ಬುತ್ತದೆ. ಅಚ್ಚು ಬಿರುಕು ಬಿಟ್ಟರೆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆಯಾಗುತ್ತದೆ. ನಾಣ್ಯಕ್ಕೆ ಮೊಳೆ, ಕಲ್ಲು, ಚಾಕು ತಾಗಿದರೆ ತಗ್ಗಿದ ಗೆರೆ ಬೀಳುತ್ತದೆ, ಗೆರೆಯ ಅಕ್ಕಪಕ್ಕ ಕಿತ್ತು ಸರಿದ ಲೋಹ ಸಣ್ಣ ದಿಬ್ಬವಾಗಿ ನಿಂತಿರುತ್ತದೆ. ಓರೆ ಬೆಳಕಿನಲ್ಲಿ ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಗೆರೆಯ ನೆರಳೂ ಅಕ್ಷರದ ನೆರಳೂ ಒಂದೇ ಕಡೆ ಬಿದ್ದರೆ ಗೆರೆ ಉಬ್ಬಿದೆ; ಎದುರು ಕಡೆ ಬಿದ್ದರೆ ತಗ್ಗಿದೆ. ಕಣ್ಣಿಗೆ ತೀರ್ಮಾನವಾಗದಿದ್ದರೆ ಬೆಂಕಿಕಡ್ಡಿಯ ಚೂಪು ತುದಿಯನ್ನು ಮೆಲ್ಲಗೆ ಅಡ್ಡ ಎಳೆದು ನೋಡಿ. ಸೂಜಿಯಿಂದ ಬೇಡ, ಗೀರು ಬೀಳುತ್ತದೆ.

ಅಚ್ಚಿನ ಬಿರುಕು ಸಾಮಾನ್ಯವಾಗಿ ಅಂಚಿನಿಂದ ಹೊರಟು ಅಕ್ಷರದಿಂದ ಅಕ್ಷರಕ್ಕೆ, ಅಂಕಿಯಿಂದ ಅಂಕಿಗೆ ಅಂಕುಡೊಂಕಾಗಿ ಸಾಗುತ್ತದೆ. ಅಚ್ಚಿನಲ್ಲಿ ಕೊರೆದ ಮೂಲೆಗಳಿರುವಲ್ಲಿ ಒತ್ತಡ ಸೇರುವುದರಿಂದ ಬಿರುಕು ಅಲ್ಲಲ್ಲೇ ಹಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ ಹಿತ್ತಾಳೆಗಿಂತ ಗಡಸು. ಅಚ್ಚು ಬೇಗ ದಣಿಯುತ್ತದೆ, ಅದಕ್ಕೇ 1 ಮತ್ತು 2 ರೂಪಾಯಿಗಳಲ್ಲಿ ಬಿರುಕಿನ ಗೆರೆ ಹೆಚ್ಚು. ಕೂದಲೆಳೆಯಷ್ಟು ಗೆರೆಗೆ ಹೆಚ್ಚಿನ ಬೆಲೆ ಇಲ್ಲ. ಅಂಚಿನಿಂದ ಅಂಚಿಗೆ ಇಡೀ ಮುಖ ದಾಟಿದ್ದರೆ, ಅಥವಾ ಗೆರೆಯ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿದ್ದರೆ ಅಚ್ಚು ಎರಡು ತುಂಡಾಗುವ ಹಂತದಲ್ಲಿತ್ತು ಎಂದರ್ಥ. ಅಂಥದ್ದು ಇಟ್ಟುಕೊಳ್ಳುವ ನಾಣ್ಯ.

ಬಿರುಕು ಬೆಳೆದು ಅಚ್ಚಿನ ಅಂಚಿನ ಚೂರೇ ಉದುರಿಹೋದರೆ ನಾಣ್ಯದ ಆ ಜಾಗದಲ್ಲಿ ಅಂಚಿಗೆ ಸೇರಿಕೊಂಡು ಆಕಾರವಿಲ್ಲದ ಉಬ್ಬು ಗಡ್ಡೆ ಮೂಡುತ್ತದೆ. ಸಂಗ್ರಾಹಕರು ಇದನ್ನು ಕಡ್ ಎನ್ನುತ್ತಾರೆ. ಅಲ್ಲಿದ್ದ ಅಕ್ಷರ ಪೂರ್ತಿ ಮಾಯವಾಗಿರುತ್ತದೆ. ಇದನ್ನು ಖಚಿತಪಡಿಸುವ ದಾರಿ ನಾಣ್ಯವನ್ನು ಮಗುಚಿ ನೋಡುವುದು: ಗಡ್ಡೆಯ ಬೆನ್ನಿಗೆ, ಇನ್ನೊಂದು ಮುಖದ ಅದೇ ಜಾಗದಲ್ಲಿ ಚಿತ್ರ ಮಸುಕಾಗಿರಬೇಕು. ಲೋಹ ಉದುರಿದ ಜಾಗದ ಕಡೆ ಹರಿದುಹೋಗಿ ಈಚೆ ತುಂಬಲು ಸಾಲದೇ ಹೋಗುವುದೇ ಕಾರಣ. ಹಿಂದೆ ಅಕ್ಷರ ಚೊಕ್ಕವಾಗಿದ್ದರೆ ಗಡ್ಡೆ ಬೆಸುಗೆಯ ಸೀಸವೋ ಅಂಟೋ ಆಗಿರಬಹುದು. ಹಾಗಿದ್ದರೆ ತೂಕವೂ ಹೆಚ್ಚಿರುತ್ತದೆ, ಬಣ್ಣವೂ ಹೊಂದುವುದಿಲ್ಲ.

8ರ ಹೊಟ್ಟೆ, 0ಯ ಒಳಗು, 9ರ ತಲೆ ತುಂಬಿಕೊಂಡಂತೆ ಕಾಣುವ ಸಣ್ಣ ಉಬ್ಬು ಅಚ್ಚಿನ ಚಿಕ್ಕ ಚಕ್ಕೆ ಎದ್ದದ್ದು. ತೀರಾ ಸಾಮಾನ್ಯ. ನೋಡಿ, ಗುರುತಿಸಿ, ಗಲ್ಲಾಕ್ಕೆ ಹಾಕಿ.

ಬಯಲಿನಲ್ಲಿ ಒಂದೇ ದಿಕ್ಕಿಗೆ ಒತ್ತೊತ್ತಾಗಿ ಉಬ್ಬಿದ ಎಳೆಗೆರೆಗಳಿದ್ದರೆ ಅಚ್ಚನ್ನು ಉಜ್ಜಿ ಹೊಳಪು ಮಾಡಿದ್ದಾರೆ. ಈ ಗೆರೆಗಳು ಅಕ್ಷರದ ಬುಡಕ್ಕೆ ಬಂದು ನಿಂತುಬಿಡುತ್ತವೆ, ಮೇಲೆ ಹತ್ತುವುದಿಲ್ಲ. ಉಜ್ಜುವ ಕಾಗದ ಅಚ್ಚಿನ ಕುಳಿಯೊಳಗೆ ಇಳಿಯುವುದಿಲ್ಲವಲ್ಲ. ಮನೆಯಲ್ಲಿ ಸ್ಕ್ರಬ್ಬರ್ ಹಾಕಿ ತಿಕ್ಕಿದ ಗೀರುಗಳಾದರೆ ತಗ್ಗಾಗಿದ್ದು, ಅಕ್ಷರದ ನೆತ್ತಿಯ ಮೇಲೂ ಹಾದುಹೋಗಿರುತ್ತವೆ.

ಬಿಲ್ಲೆ ಬಾರದೆ ಎರಡು ಅಚ್ಚುಗಳು ಒಂದಕ್ಕೊಂದು ಬಡಿದರೆ ಒಂದರ ಚಿತ್ರದ ಗುರುತು ಇನ್ನೊಂದರ ಮೇಲೆ ಬೀಳುತ್ತದೆ. ಆಮೇಲೆ ಬರುವ ನಾಣ್ಯಗಳಲ್ಲಿ ಮುಖಬೆಲೆಯ ಅಂಕಿಯ ಸುತ್ತಲಿನ ಬಯಲಿನಲ್ಲಿ ಸಿಂಹಸ್ತಂಭದ ಹೊರರೇಖೆ ಮಸುಕಾಗಿ ಉಬ್ಬಿ ಕಾಣುತ್ತದೆ. ಇದನ್ನು ಹಿಡಿಯಲು ಸುಲಭದ ಉಪಾಯ: ಎರಡೂ ಮುಖಗಳ ಫೋಟೋ ತೆಗೆದು ಒಂದನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ, ಇನ್ನೊಂದರ ಮೇಲೆ ಅರೆಪಾರದರ್ಶಕವಾಗಿ ಕೂರಿಸಿ. ಆ ಗೆರೆ ಎದುರು ಮುಖದ ಚಿತ್ರದ ಅಂಚಿಗೆ ಸರಿಯಾಗಿ ಕೂತರೆ ಅಚ್ಚು ಬಡಿದದ್ದೇ ಸರಿ.

ಗ್ರೀಸ್ ಮತ್ತು ಲೋಹದ ಪುಡಿ ಅಚ್ಚಿನ ಕುಳಿಯಲ್ಲಿ ಕೂತಾಗ ಅಕ್ಷರಗಳು ಮೂಡುವುದಿಲ್ಲ. ‘ಸತ್ಯಮೇವ ಜಯತೇ’ ಸಣ್ಣ ಅಕ್ಷರವಾದ್ದರಿಂದ ಹೆಚ್ಚಾಗಿ ಅಲ್ಲೇ ಹೀಗಾಗುತ್ತದೆ. ಬಿಟ್ಟುಹೋದ ಜಾಗದ ಮೇಲ್ಮೈ ಸುತ್ತಲಿನ ಬಯಲಿನ ಹಾಗೇ ಇದ್ದು, ಪಕ್ಕದ ಅಕ್ಷರ ಮೆಲ್ಲಗೆ ಮಸುಕಾಗುತ್ತ ಹೋಗಿದ್ದರೆ ತಪ್ಪು ನಿಜ. ಜಾಗ ಬೇರೆಯೇ ಹೊಳಪಾಗಿದ್ದು ಅರದ ಗೀರು ಕಂಡರೆ ಯಾರೋ ಅಳಿಸಿದ್ದಾರೆ.

ಬಿಲ್ಲೆಯ ತಪ್ಪು

ಪೂರಿ ಹಿಟ್ಟಿನ ಹಾಳೆಯಿಂದ ಮುಚ್ಚಳದಲ್ಲಿ ದುಂಡಗೆ ಕತ್ತರಿಸುವಾಗ ಮುಚ್ಚಳ ಹಿಂದಿನ ತೂತಿನ ಮೇಲೆ ಸ್ವಲ್ಪ ಬಿದ್ದರೆ ಪೂರಿಗೆ ಅರ್ಧಚಂದ್ರದ ಕಚ್ಚು ಬೀಳುತ್ತದಲ್ಲ, ಬಿಲ್ಲೆಗೂ ಹಾಗೆಯೇ. ಇದಕ್ಕೆ ಕ್ಲಿಪ್ ಎನ್ನುತ್ತಾರೆ. ಹಾಳೆಯ ತುದಿಯಲ್ಲಿ ಕತ್ತರಿಸಿದ್ದರೆ ಕಚ್ಚು ನೇರ ಇರುತ್ತದೆ. ಅರ ಹಿಡಿದು ಯಾರು ಬೇಕಾದರೂ ಇಂಥ ಕಚ್ಚು ಮಾಡಬಹುದಾದ್ದರಿಂದ ಮೂರು ಪರೀಕ್ಷೆ ಮಾಡಿ.

ಒಂದು, ಕಚ್ಚಿನ ನೇರ ಎದುರಿನ ಅಂಚು ನೋಡಿ. ಅಲ್ಲಿ ಅಂಚು ಚಪ್ಪಟೆಯಾಗಿ, ದುರ್ಬಲವಾಗಿ ಇರಬೇಕು. ಅಂಚು ಎತ್ತುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತು ಬೀಳುವುದಿಲ್ಲ. ಚಿಕ್ಕ ಕಚ್ಚಿನಲ್ಲಿ ಇದು ಕಾಣದೆಯೂ ಇರಬಹುದು. ಎರಡು, ಕಚ್ಚಿನ ಪಕ್ಕದ ಅಕ್ಷರ ನೋಡಿ. ನಿಜದ ಕ್ಲಿಪ್‌ನಲ್ಲಿ ಹೊಡೆತಕ್ಕೆ ಲೋಹ ಖಾಲಿ ಕಡೆಗೆ ಹರಿದು ಅಕ್ಷರ ಎಳೆದಂತೆ, ಕ್ರಮೇಣ ಮಸುಕಾಗುತ್ತದೆ. ಹೊರಗೆ ಕತ್ತರಿಸಿದ್ದರೆ ಅಕ್ಷರ ಚೊಕ್ಕವಾಗಿದ್ದು ಕಚಕ್ಕನೆ ತುಂಡಾಗಿರುತ್ತದೆ. ಮೂರು, ಕಚ್ಚಿನ ಗೋಡೆ. ಅದರ ಮೇಲೆ ಅರದ, ಗರಗಸದ ಸಮಾನಾಂತರ ಗೀರು ಇರಬಾರದು. ತೂಕ ಕಡಿಮೆ ಎಂಬುದೊಂದೇ ಸಾಕ್ಷಿಯಲ್ಲ. ಅರ ಹಾಕಿದರೂ ತೂಕ ಇಳಿಯುತ್ತದೆ.

ಹಾಳೆಯಲ್ಲಿ ಕಸ, ಗಾಳಿಗುಳ್ಳೆ ಸೇರಿದ್ದರೆ ನಾಣ್ಯದ ಮೇಲ್ಪದರ ಹೊಪ್ಪಳೆಯಂತೆ ಏಳುತ್ತದೆ. ಎದ್ದ ಪದರವನ್ನು ಕೀಳಬೇಡಿ. ಏನೂ ಅಚ್ಚೊತ್ತದ ಬರೀ ಬಿಲ್ಲೆಯೂ ಅಪರೂಪಕ್ಕೆ ಹೊರಬರುತ್ತದೆ. ಆದರೆ ಪೂರ್ತಿ ಸವೆದ ನಾಣ್ಯವನ್ನೂ ವಾಷರ್ ತಯಾರಿಸುವ ತಗಡನ್ನೂ ಬಿಲ್ಲೆ ಎಂದು ಮಾರುವುದುಂಟು. ಅಗಲ, ತೂಕ, ಅಯಸ್ಕಾಂತ ಮೂರೂ ಹೊಂದಿದರೆ ಮಾತ್ರ ನಂಬಿ.

ಒಂದು ಮುಖಬೆಲೆಯ ಅಚ್ಚು ಇನ್ನೊಂದರ ಬಿಲ್ಲೆಯ ಮೇಲೆ ಬಿದ್ದದ್ದು ದೊಡ್ಡ ತಪ್ಪು, ಅಷ್ಟೇ ಅಪರೂಪ. 5 ರೂಪಾಯಿಯ ಅಚ್ಚು, ಆದರೆ ತೂಕ 3.79 ಗ್ರಾಂ, ಅಗಲ 22ರ ಆಸುಪಾಸು, ಅಯಸ್ಕಾಂತಕ್ಕೆ ಅಂಟುತ್ತದೆ ಎಂದಾದರೆ ಲೆಕ್ಕ ಕೂಡುತ್ತದೆ: 1 ರೂಪಾಯಿಯ ಬಿಲ್ಲೆ. ತೂಕ ಯಾವ ಬಿಲ್ಲೆಗೂ ಹೊಂದದೆ ಮಧ್ಯದಲ್ಲೆಲ್ಲೋ ನಿಂತರೆ ಆಸಿಡ್ ಅಥವಾ ಲೇಪನದ ಕೆಲಸ.

ಹೊಡೆತದ ತಪ್ಪು

ಬಿಲ್ಲೆ ಸರಿಯಾಗಿ ಕೂರದೆ ಹೊಡೆತ ಬಿದ್ದರೆ ಚಿತ್ರ ಒಂದು ಕಡೆ ಸರಿದು, ಉಳಿದ ಕಡೆ ಬೋಳಾಗಿ ಉಳಿಯುತ್ತದೆ. ಎರಡೂ ಮುಖದಲ್ಲಿ ಬೋಳು ಒಂದೇ ಜಾಗದಲ್ಲಿರಬೇಕು, ಬದಿ ಕಾಲರ್ ತಾಗದೆ ನುಣುಪಾಗಿ, ಸ್ವಲ್ಪ ದುಂಡಾಗಿರಬೇಕು. ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವುದು ಇದಲ್ಲ. ಅದು ಅಚ್ಚು ಜೋಡಿಸಿದ್ದರಲ್ಲಿ ಬಂದ ಕೂದಲೆಳೆ ವ್ಯತ್ಯಾಸ, ರಾಶಿ ರಾಶಿ ಸಿಗುತ್ತದೆ. ಬೋಳು ಹತ್ತರಲ್ಲಿ ಒಂದು ಪಾಲಾದರೂ ಇದ್ದು ವರ್ಷ ಪೂರ್ತಿ ಓದಲು ಬಂದರೆ ಅಂಥದ್ದನ್ನು ಬಿಡಬೇಡಿ.

ಕಾಲರ್ ಮೇಲೆದ್ದಿರದೆ ಹೊಡೆತ ಬಿದ್ದರೆ ಚಿತ್ರ ನಡುವಿನಲ್ಲೇ ಇದ್ದು ನಾಣ್ಯ ಮಾತ್ರ ಅಗಲಕ್ಕೆ ಹರಡುತ್ತದೆ. ತೂಕ ಸರಿಯಿದೆ, ಅಗಲ ಹೆಚ್ಚು, ಬದಿಯಲ್ಲಿ ಹಲ್ಲಿನಂಥ ಸಾಲುಗೆರೆ ಇಲ್ಲ. ಇದನ್ನೇ ಹೋಲುವಂತೆ ಕಾಣುವುದು ಚಚ್ಚಿ ಅಗಲಿಸಿದ ನಾಣ್ಯ. ಕೊಡಗಿನಲ್ಲಿ ರೈಲು ಹಳಿ ಇಲ್ಲದಿದ್ದರೂ ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯಗಳು ಮೈಸೂರು, ಮಂಗಳೂರು ಕಡೆಯ ಚಿಲ್ಲರೆಯ ಜೊತೆ ಇಲ್ಲಿಗೂ ಬರುತ್ತವೆ. ವ್ಯತ್ಯಾಸ ಅಕ್ಷರದಲ್ಲಿದೆ: ಟಂಕಸಾಲೆಯಲ್ಲಿ ಹರಡಿದ ನಾಣ್ಯದ ಅಕ್ಷರ ಎತ್ತರವಾಗಿ, ತನ್ನ ಸರಿಯಾದ ಅಳತೆಯಲ್ಲೇ ಇರುತ್ತದೆ, ಬಯಲು ಹೊಸದರಂತೆ ಹೊಳೆಯುತ್ತದೆ. ಚಚ್ಚಿದ್ದರಲ್ಲಿ ಅಕ್ಷರವೇ ಅಗಲವಾಗಿ ಹರಡಿ ತೆಳ್ಳಗಾಗಿರುತ್ತದೆ.

ಹೊಡೆದ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದು, ಮುಂದಿನ ಬಿಲ್ಲೆಗೆ ಅದೇ ಅಚ್ಚಾಗಿ ತಾಗಿದರೆ ಆ ಬಿಲ್ಲೆಯ ಒಂದು ಮುಖ ಸರಿಯಾಗಿಯೂ ಇನ್ನೊಂದು ಮುಖದಲ್ಲಿ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಆಗಿಯೂ ಬೀಳುತ್ತದೆ. ಇದು ಬ್ರಾಕೇಜ್, ನಾಣ್ಯದ ವ್ಯಾಪಾರಿಗಳ ಬಾಯಲ್ಲಿ ಲಖಿ. ಚಿಲ್ಲರೆಯಲ್ಲಿ ಸಿಗಬಹುದಾದ ತಪ್ಪುಗಳಲ್ಲಿ ಇಷ್ಟು ಸುಂದರವಾದದ್ದು ಬೇರೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಹಾಗಾಗಿಯೇ ಇದರ ನಕಲಿಯೂ ಹೆಚ್ಚು. ಎರಡು ನಾಣ್ಯಗಳನ್ನು ವೈಸ್‌ನಲ್ಲಿ ಹಾಕಿ ಬಿಗಿದರೆ ಒಂದರ ಚಿತ್ರ ಇನ್ನೊಂದರ ಮೇಲೆ ತಗ್ಗಾಗಿ ಮೂಡುತ್ತದೆ. ಆದರೆ ಅಲ್ಲಿ ಮೊದಲಿದ್ದ ಚಿತ್ರ ಪೂರ್ತಿ ಅಳಿದಿರುವುದಿಲ್ಲ, ತಗ್ಗಿದ ಗೆರೆಗಳ ನಡುವೆ ಹಳೆಯ ಅಕ್ಷರದ ಉಳಿಕೆ ಇಣುಕುತ್ತದೆ. ವೈಸಿಗೆ ತಾಗಿದ ಇನ್ನೊಂದು ಮುಖದ ನೆತ್ತಿ ಚಪ್ಪಟೆಯಾಗಿರುತ್ತದೆ. ನಿಜದ ಬ್ರಾಕೇಜ್‌ನಲ್ಲಿ ತಗ್ಗಿದ ಮುಖದಲ್ಲಿ ಬೇರೆ ಚಿತ್ರದ ಕುರುಹೇ ಇರುವುದಿಲ್ಲ, ಹಿಂದಿನ ಮುಖ ಚೊಕ್ಕವಾಗಿರುತ್ತದೆ.

10 ಮತ್ತು 20 ರೂಪಾಯಿಗಳಲ್ಲಿ ಬಳೆ ಬೇರೆ, ನಡುವಿನ ಬಿಲ್ಲೆ ಬೇರೆ. ಎರಡೂ ಕೂಡಿಕೊಳ್ಳುವುದು ಹೊಡೆತದಲ್ಲೇ. ನಡುವಿನ ಬಿಲ್ಲೆ ಒಂದು ಕಡೆ ಸರಿದು ಬಳೆಯ ಮೇಲೆ ಹರಿದಿರುವುದು ನಿಜವಾದ ತಪ್ಪು. ನಡುವಿನದು ಇಲ್ಲದ ಬಳೆ ಸಿಕ್ಕರೆ ತೂತಿನ ಒಳಗೋಡೆ ನೋಡಿ. ಬಿಲ್ಲೆಯೇ ಇಲ್ಲದೆ ಹೊಡೆದಿದ್ದರೆ ಬಳೆಯ ಲೋಹ ಒಳಕ್ಕೆ ಹರಿದು ತೂತಿನ ತುದಿ ಮೊಂಡಾಗಿರುತ್ತದೆ. ಸುತ್ತಿಗೆಯಿಂದ ತಟ್ಟಿ ಬೀಳಿಸಿದ್ದರೆ ಗೋಡೆ ಕಡಿದಂತೆ ನೆಟ್ಟಗಿದ್ದು ಬಿಲ್ಲೆ ಕಚ್ಚಿಕೊಂಡಿದ್ದ ಗುರುತು ಉಳಿದಿರುತ್ತದೆ.

ಜೋಡಿ ಅಕ್ಷರದ ಗೊಂದಲ

ಅಕ್ಷರ, ಅಂಕಿ ಎರಡೆರಡಾಗಿ ಕಂಡರೆ ಎಲ್ಲರೂ ಡಬಲ್ ಡೈ ಎಂದುಬಿಡುತ್ತಾರೆ. ಬಹುತೇಕ ಅದು ಹೊಡೆತದ ಕೊನೆಯಲ್ಲಿ ಸಡಿಲ ಅಚ್ಚು ಸ್ವಲ್ಪ ಜಾರಿದ್ದರಿಂದ ಆದದ್ದು. ಜಾರಿದ ಅಚ್ಚು ಮೂಡಿದ ಅಕ್ಷರದ ಒಂದು ಪಕ್ಕವನ್ನು ಒತ್ತಿ ಮೆಟ್ಟಿಲಿನಂತೆ ತಗ್ಗು, ಚಪ್ಪಟೆ, ಹೊಳೆಯುವ ಒಂದು ಪಟ್ಟಿ ಮಾಡುತ್ತದೆ. ಪರಿಣಾಮವಾಗಿ ಅಕ್ಷರ ತೆಳ್ಳಗಾಗುತ್ತದೆ. ನಿಜವಾದ ಡಬಲ್ ಡೈಯಲ್ಲಿ ಅಚ್ಚು ತಯಾರಿಸುವಾಗಲೇ ಚಿತ್ರ ಎರಡು ಸಲ, ಜಾಗ ತಪ್ಪಿ ಒತ್ತಲ್ಪಟ್ಟಿರುತ್ತದೆ. ಎರಡೂ ಅಕ್ಷರಗಳು ದುಂಡು ನೆತ್ತಿಯವು, ಒಂದೇ ಎತ್ತರ, ಸೇರಿ ನೋಡಿದರೆ ಅಕ್ಷರ ಸರಿಯಾದದ್ದಕ್ಕಿಂತ ದಪ್ಪ, ಗೆರೆಯ ಮೂಲೆಗಳಲ್ಲಿ ಸ್ಪಷ್ಟ ಸೀಳು. ತೆಳ್ಳಗಾಗಿದ್ದರೆ ಜಾರಿದ್ದು, ದಪ್ಪಗಾಗಿದ್ದರೆ ಡಬಲ್ ಡೈ. ಜೋಡಿ ನಾಣ್ಯ ಪಕ್ಕದಲ್ಲಿದ್ದರೆ ಇದು ಒಂದು ನಿಮಿಷದ ಕೆಲಸ. ಹಳತಾಗಿ ಸವೆದ ಅಚ್ಚಿನಿಂದಲೂ ಅಕ್ಷರದ ಸುತ್ತ ಮಬ್ಬು ನೆರಳು ಬರುತ್ತದೆ. ಅದು ಇವೆರಡೂ ಅಲ್ಲ.

ಹೊರಗೆ ಕೆಟ್ಟದ್ದು

ತಲಕಾವೇರಿ, ಭಾಗಮಂಡಲದ ಕಡೆ ಹರಕೆಗೆಂದು ನೀರಿಗೆ ಬಿದ್ದ ಹಿತ್ತಾಳೆ, ತಾಮ್ರ-ನಿಕ್ಕಲ್ ನಾಣ್ಯ ಕಾಲಾನಂತರ ಚುಕ್ಕಿ ಚುಕ್ಕಿಯಾಗಿ ತಿಂದುಹೋಗುತ್ತದೆ. ತೋಟದ ಮಣ್ಣಿನಲ್ಲಿ ಬಿದ್ದಿದ್ದಕ್ಕೂ ಅದೇ ಗತಿ. ಗುಳಿಗಳು ತಗ್ಗಾಗಿ, ಗೊತ್ತುಗುರಿಯಿಲ್ಲದೆ ಹರಡಿ, ಅಕ್ಷರದ ಮೇಲೂ ಬಯಲಿನ ಮೇಲೂ ಒಂದೇ ಥರ ಇರುತ್ತವೆ.

ಹಿತ್ತಾಳೆಯ 5 ರೂಪಾಯಿಯನ್ನು ಹುಳಿಯಲ್ಲಿ ನೆನೆಸಿದರೆ ಮೇಲ್ಮೈಯ ಸತು ಕರಗಿ ತಾಮ್ರದ ಕೆಂಪು ಉಳಿಯುತ್ತದೆ. ಅದನ್ನೇ ‘ತಾಮ್ರದ ಬಿಲ್ಲೆಯ ತಪ್ಪು’ ಎಂದು ಮಾರುತ್ತಾರೆ. ತೂಕ ಹೆಚ್ಚೂಕಡಿಮೆ 6 ಗ್ರಾಂ ಇದ್ದು ಬಣ್ಣ ಮಾತ್ರ ಕೆಂಪಾಗಿದ್ದರೆ ಹುಳಿಯ ಕೆಲಸ. ಎರಡು ಕಡೆಯೂ ಸಿಂಹ ಇರುವ ನಾಣ್ಯ ಜಾದೂಗಾರರ ಸಾಮಾನು: ಅಂಚಿನ ಒಳಮಗ್ಗುಲಲ್ಲಿ ಕೂದಲೆಳೆಯ ಸೇರಿಕೆ ಗೆರೆ ಇರುತ್ತದೆ, ಮೇಜಿನ ಮೇಲೆ ಬೀಳಿಸಿದರೆ ಸದ್ದು ಸತ್ತಿರುತ್ತದೆ.

ತೊಳೆಯುವುದು, ಇಡುವುದು, ಮಾರುವುದು

ಕಾಚಂಪುಳಿ, ಹುಣಸೆಹಣ್ಣು, ನಿಂಬೆ, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ಅಚ್ಚಿನ ಸೂಕ್ಷ್ಮ ಗೆರೆಗಳೆಲ್ಲ ಹೋಗಿ, ಸಾಕ್ಷಿಯೇ ಅಳಿದುಹೋಗುತ್ತದೆ. ಎಣ್ಣೆ, ಅಂಟು, ಸ್ಟಿಕ್ಕರ್ ಇದ್ದರೆ ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಲ್ಲಿ, ಕಿಟಕಿ ತೆರೆದು, ಒಲೆಯಿಂದ ದೂರ ಹತ್ತು ನಿಮಿಷ ಬಿಡಿ. ಆಮೇಲೆ ಇನ್ನೊಂದು ಸಲ ಹೊಸ ಅಸಿಟೋನ್‌ನಲ್ಲಿ ಅದ್ದಿ, ಹತ್ತಿಬಟ್ಟೆಯ ಮೇಲಿಟ್ಟು ಒಣಗಲು ಬಿಡಿ. ಉಜ್ಜಬೇಡಿ.

ಕೊಡಗಿನ ಮಳೆಗಾಲದಲ್ಲಿ ಹಿತ್ತಾಳೆ ನಾಣ್ಯ ಬಿಟ್ಟಲ್ಲೇ ಕಪ್ಪಾಗುತ್ತದೆ. ಮೆದು ಪಿವಿಸಿ ಪ್ಲಾಸ್ಟಿಕ್ ಆಲ್ಬಂ ಇನ್ನೂ ಅಪಾಯ. ತೇವ ಸೇರಿದರೆ ಅದರಿಂದ ಹಸಿರು ಅಂಟು ಬಿಡುತ್ತದೆ. ನಡುವೆ ಮೈಲಾರ್ ಎಂಬ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುವ ರಟ್ಟಿನ ಚೌಕಗಳಲ್ಲಿ ಒಂದೊಂದೇ ನಾಣ್ಯ ಹಾಕಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ಆದರೆ ತೇವ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ. ರಟ್ಟಿನ ಮೇಲೆ ಮುಖಬೆಲೆ, ವರ್ಷ, ಟಂಕಸಾಲೆ, ತೂಕ, ಅಗಲ, ತಪ್ಪಿನ ಬಗೆ ಬರೆಯಿರಿ. ಬರೆದ ಮೇಲೆ ನಾಣ್ಯ ಹಾಕಿ, ಹಾಕಿದ ಮೇಲೆ ಬರೆದರೆ ಪೆನ್ನಿನ ಒತ್ತು ತಾಗುತ್ತದೆ.

ತಪ್ಪು ನಾಣ್ಯ ಮಾರುವುದಿದ್ದರೆ ನಾಣ್ಯ ಪ್ರದರ್ಶನಗಳಲ್ಲಿ, ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವವರಿಗೇ ತೋರಿಸಿ. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಎಂಬ ಕರೆಗಳಿಗೆ ಉತ್ತರಿಸಬೇಡಿ. ಅದು ತಪ್ಪು ನಾಣ್ಯವೂ ಅಲ್ಲ, 2012ರ ಸ್ಮರಣಾರ್ಥ ನಾಣ್ಯ. ಹಳೆ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಹೆಸರು ಬಳಸುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಪರೀಕ್ಷೆಗೆಂದು ನಾಣ್ಯವನ್ನು ಕತ್ತರಿಸುವುದು, ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ; ತೂಕ, ಅಗಲ, ಅಯಸ್ಕಾಂತ, ಓರೆ ಬೆಳಕು ಇಷ್ಟರಲ್ಲಿ ತೀರ್ಮಾನವಾಗದ ನಾಣ್ಯವನ್ನು ಹಾಗೇ ಎತ್ತಿಟ್ಟು, ಅದೇ ಅಚ್ಚಿನ ಇನ್ನೊಂದು ಸಿಗುವ ತನಕ ಕಾಯಿರಿ.